ಬಿಸಿಲೂರಿನಲ್ಲಿ ಮೂರು ದಿನ

ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂದು ನಮ್ಮೂರಿನವರೇ ನಗೆಯಾಡುವುದುಂಟು. ಅಂಥ ಊರಿನಲ್ಲಿ ಮೇ ತಿಂಗಳ ಕೊನೆಯ ವಾರ ಪ್ರವಾಸ ಹೊರಡುವವನನ್ನು ಜನ ಏನೆಂದು ತಿಳಿದಾರೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೆರೆಮನೆಯ ನಿವೃತ್ತ ತಹಸೀಲ್ದಾರರು ನಮ್ಮ ಸಿದ್ಧತೆಯನ್ನೆಲ್ಲ ಗೋಡೆಯ ಆಚೆಯಿಂದ ನೋಡಿ, "ಏನ್ರೀ ಮೇಷ್ಟ್ರೆ, ಊಟಿಗೆ ಹೊಂಟ್ರೇನು?" ಎಂದು ಕೇಳಿದರು. "ಇಲ್ಲ, ಸಿರುಗುಪ್ಪಕ್ಕೆ" ಎಂದೆ. ಅವರು ಮುಂದೆ ಮಾತಾಡಲಿಲ್ಲ.

ಈ ಪ್ರವಾಸಕ್ಕೆ ಕಾರಣನಾದವನು ಹನ್ನೊಂದು ವರ್ಷದ ನನ್ನ ಮೊಮ್ಮಗ. ಮಗಳು, ಅಳಿಯ ಅಮೆರಿಕದ ಕೊಲೊರಾಡೋದಲ್ಲಿದ್ದಾರೆ. ಅಲ್ಲಿ ಬೇಸಗೆ ರಜೆ ಬಂತೆಂದರೆ ಗಾಲಿಗಳ ಮೇಲೆ ಕಟ್ಟಿದ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಅದರಲ್ಲೇ ಉಂಡು, ಅದರಲ್ಲೇ ಮಲಗಿ, ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದು ಅನೇಕ ಕುಟುಂಬಗಳ ವಾಡಿಕೆ. 1872ರಷ್ಟು ಹಿಂದೆಯೇ ಯೆಲ್ಲೋಸ್ಟೋನ್ ಎಂಬ ಬಿಸಿನೀರಿನ ಬುಗ್ಗೆಗಳ ನಾಡನ್ನು ಜನರೆಲ್ಲರ ಆಸ್ತಿಯೆಂದು ಕಾದಿಟ್ಟ ದೇಶ ಅದು. ಬಂಡೆಯ ಪೊಟರೆಗಳಲ್ಲಿ ಮನೆ ಕಟ್ಟಿಕೊಂಡಿದ್ದ ಹಳಬರ ಊರಾದ ಮೆಸಾ ವರ್ಡೆಯನ್ನು 1906ರಲ್ಲಿ ಇದೇ ಬಗೆಯಲ್ಲಿ ಕಾಪಿಟ್ಟರು. ಇಂಥ ಒಂದೊಂದು ಜಾಗದಲ್ಲೂ ಮಕ್ಕಳಿಗೆ ಒಂದು ಪುಸ್ತಿಕೆ ಕೊಡುತ್ತಾರೆ. ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದು, ಈ ಸ್ಥಳವನ್ನು ಕಾಪಾಡುತ್ತೇನೆಂದು ಕೈಯೆತ್ತಿ ಪ್ರತಿಜ್ಞೆ ಮಾಡಿದರೆ 'ಕಿರಿಯ ರೇಂಜರ್' ಎಂಬ ಬಿಲ್ಲೆ ಸಿಗುತ್ತದೆ. ನನ್ನ ಮೊಮ್ಮಗನ ಟೋಪಿಯ ತುಂಬ ಅಂಥ ಬಿಲ್ಲೆಗಳು. ಊರಿಗೆ ಬಂದ ಎರಡನೆಯ ದಿನವೇ ಅವನು, "ತಾತ, ನಿಮ್ಮ ಊರಿನಲ್ಲಿ ಯಾವ ಬಿಲ್ಲೆ ಕೊಡುತ್ತಾರೆ?" ಎಂದು ಕೇಳಿದ.

ಉತ್ತರ ಕೊಡುವುದು ಸುಲಭವಾಗಿರಲಿಲ್ಲ. 2021ರಲ್ಲಿ ಜಿಲ್ಲೆ ಇಬ್ಭಾಗವಾಗಿ ಹಂಪೆ ಹೊಸ ವಿಜಯನಗರ ಜಿಲ್ಲೆಗೆ ಸೇರಿದಾಗ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ಹಂಪೆ ಹೋಯಿತು, ಇನ್ನು ನಮ್ಮಲ್ಲಿ ಉಳಿದುದೇನು, ಬಿಸಿಲು, ದೂಳು" ಎಂದು ನಿಟ್ಟುಸಿರು ಬಿಟ್ಟಿದ್ದರು. ನಾನು ಆಗ ಹೌದೆಂದು ತಲೆದೂಗಿದ್ದೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ 1953ರಲ್ಲೇ ಹುಟ್ಟಿ, ಈ ಊರಿನಲ್ಲೇ ಮೂವತ್ತೈದು ವರ್ಷಕ್ಕೂ ಮಿಕ್ಕಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನು ಹಾಗೆ ತಲೆದೂಗಿದ್ದು ನಾಚಿಕೆಯ ಮಾತು. ಮೊಮ್ಮಗ ಕೇಳಿದ ಮೇಲೆ ಅದು ಚುಚ್ಚತೊಡಗಿತು. ಹಂಪೆಯನ್ನು ಈ ಸಲ ಬೇಕೆಂದೇ ಬಿಡೋಣ, ಉಳಿದುದೇನೆಂಬುದನ್ನು ನೋಡಿಯೇ ಬಿಡೋಣ ಎಂದುಕೊಂಡೆ.

ಗಾಲಿಯ ಮೇಲಿನ ಮನೆ ನಮಗೆಲ್ಲಿಂದ ಬರಬೇಕು! ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆ ದಿಬ್ಬಣಗಳಿಗೆ ಬಾಡಿಗೆ ವಾಹನ ಓಡಿಸುತ್ತಾನೆ. ಅವನು ತನ್ನ ಹಳೆಯ ಟೆಂಪೋದ ಹಿಂದಿನ ಸೀಟುಗಳನ್ನು ಬಿಚ್ಚಿ, ಎರಡು ಮಡಿಸುವ ಮಂಚ, ಒಂದು ಗ್ಯಾಸಿನ ಒಲೆ, ಎರಡು ಮಣ್ಣಿನ ಹೂಜಿ, ಬ್ಯಾಟರಿಯ ಫ್ಯಾನು ಇಟ್ಟು ತಂದು ಬಾಗಿಲಲ್ಲಿ ನಿಲ್ಲಿಸಿದ. ನನ್ನ ಮನೆಯವಳು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಡಿಗೆ ಮೊಸರು, ಒಂದು ಚೀಲ ಮಂಡಕ್ಕಿ ತುಂಬಿದಳು. ಮೂರು ದಿನಕ್ಕೆ ಇಷ್ಟೇಕೆ ಎಂದರೆ, "ನಿಮ್ಮ ಇತಿಹಾಸ ಹೊಟ್ಟೆ ತುಂಬಿಸುತ್ತದೆಯೇ?" ಎಂದು ಕೇಳಿದಳು.

ಮೊದಲ ದಿನ ಬೆಳಗು ಹರಿಯುವ ಮುನ್ನವೇ ಊರ ನಡುವಿನ ಗುಡ್ಡವನ್ನು ಹತ್ತಿದೆವು. ಬಳ್ಳಾರಿಯವರಿಗೆ ಈ ಗುಡ್ಡದ ಕಥೆ ಹೊಸದಲ್ಲ. ಮೇಲಿನ ಕೋಟೆ ವಿಜಯನಗರದ ಕಾಲದ ಪಾಳೆಯಗಾರ ಹನುಮಪ್ಪ ನಾಯಕನದು. 1775ರ ಸುಮಾರಿಗೆ ಊರನ್ನು ಹಿಡಿದ ಹೈದರಾಲಿ ಕೆಳಗಿನ ಕೋಟೆಯನ್ನು ಕಟ್ಟಿಸಿದ. ಕಟ್ಟಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆಯೆಂಬುದನ್ನು ಗಮನಿಸಲಿಲ್ಲವಂತೆ. ಅಲ್ಲಿಂದ ಫಿರಂಗಿ ಹಾರಿಸಿದರೆ ಈ ಕೋಟೆಗೆ ಉಳಿಗಾಲವಿಲ್ಲವೆಂದು ತಿಳಿದ ಹೈದರನು ಅವನನ್ನು ಗಲ್ಲಿಗೇರಿಸಿದನಂತೆ. ಇದು ಜನ ಹೇಳುವ ಕಥೆ. ನಾನು ತರಗತಿಯಲ್ಲಿ ಇದನ್ನು ಬಹಳ ರಸವತ್ತಾಗಿ ಹೇಳುತ್ತಿದ್ದೆ. ಮೊಮ್ಮಗ ಮಾತ್ರ ಎದುರಿನ ಗುಡ್ಡವನ್ನು, ಮಲಗಿದ ಮನುಷ್ಯನ ಮುಖದಂತಿರುವ ಅದರ ಅಂಚನ್ನು ನೋಡುತ್ತ, "ಎರಡು ಗುಡ್ಡಗಳೂ ಅವನ ಕಣ್ಣೆದುರಿಗೇ ಇದ್ದವಲ್ಲ ತಾತ, ಕಟ್ಟುವಾಗ ಹೈದರನೂ ನೋಡಲಿಲ್ಲವೇ?" ಎಂದ. ಇಷ್ಟು ವರ್ಷಗಳಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಕೇಳಿರದ ಪ್ರಶ್ನೆ ಅದು. ಎಂಟು ಗಂಟೆಗೆ ಬಂಡೆ ಕಾದು ಕಾಲು ಸುಡತೊಡಗಿದುದರಿಂದ ಉತ್ತರಿಸುವ ಕಷ್ಟ ನನಗೆ ತಪ್ಪಿತು.

ನಡುಹಗಲನ್ನು ಕಳೆಯಲು ನಗರದಲ್ಲಿ ತಂಪಾದ ಒಂದು ಜಾಗವಿದೆ. ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯೊಂದನ್ನು ಹೆಕ್ಕಿ, ಈ ದೇಶದ ಮನುಷ್ಯನ ಆಯುಸ್ಸನ್ನು ಒಮ್ಮೆಲೇ ಹಿಂದಕ್ಕೆ ಸರಿಸಿದ ಭೂವಿಜ್ಞಾನಿ ಆತ. ಬಳ್ಳಾರಿ ಸೀಮೆಯ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಅಳೆದವನು. ಈ ಸಂಗ್ರಹಾಲಯ ಆಗುವುದಕ್ಕೆ ಬಹುವಾಗಿ ದುಡಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪ್ರಾಕ್ತನ ವಿದ್ವಾಂಸ ರವಿ ಕೋರಿಶೆಟ್ಟರ್ ಅವರು. ಅಲ್ಲಿ ಸಾಲಾಗಿಟ್ಟ ಕರಿಕಲ್ಲಿನ ಕೊಡಲಿಗಳನ್ನು ಹುಡುಗ ಬಹಳ ಹೊತ್ತು ನೋಡಿದ.

ಬಿಸಿಲು ಇಳಿದ ಮೇಲೆ ಹೊರಟುದು ಆ ಕೊಡಲಿಗಳ ತವರಿಗೆ. ನಗರದಿಂದ ಈಶಾನ್ಯಕ್ಕೆ ಸ್ವಲ್ಪವೇ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಎರಡು ಹಳ್ಳಿಗಳಿವೆ. ಅವುಗಳ ನಡುವಣ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳ ಊರಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಅವರು ಇಲ್ಲಿಯ ಸಣ್ಣರಾಚಮ್ಮನ ಗುಡ್ಡದಲ್ಲಿ ಅಗೆತ ನಡೆಸಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗೆಗೆ ಗ್ರಂಥವನ್ನೇ ಬರೆದರು. ಈ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ರಕ್ಕಸರನ್ನು ಸುಟ್ಟ ಬೂದಿಯೆಂದು ಹಳ್ಳಿಯವರೂ, ಜ್ವಾಲಾಮುಖಿಯ ಶೇಷವಿರಬಹುದೇ ಎಂದು ಕೆಲವು ಪಂಡಿತರೂ ತಲೆ ಕೆಡಿಸಿಕೊಂಡಿದ್ದರು. ಅದು ಸುಟ್ಟ ಸಗಣಿಯ ಬೂದಿ ಎಂದು ಫೂಟ್ ಊಹಿಸಿದ್ದ; ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಆದದ್ದೆಂದು ಆಲ್ಚಿನ್ ಎಂಬ ವಿದ್ವಾಂಸ 1963ರಲ್ಲಿ ವಿವರವಾಗಿ ತೋರಿಸಿಕೊಟ್ಟ. ನನ್ನ ಮೊಮ್ಮಗನಿಗೆ ಪರಮಾನಂದವಾದುದು ಇಲ್ಲಿಯೇ. ಸಗಣಿಗೂ ವಸ್ತುಸಂಗ್ರಹಾಲಯದಲ್ಲಿ ಸ್ಥಾನವುಂಟೆಂಬುದು ಅವನಿಗೆ ತಿಳಿದಿರಲಿಲ್ಲ.

ಕಪ್ಪಗಲ್ಲಿನ ಹಿರೇಗುಡ್ಡದ ಮೇಲೆ ಕರಿಯ ಡಾಲರೈಟ್ ಶಿಲೆಯ ಪಟ್ಟಿಯೊಂದು ಬೆನ್ನುಮೂಳೆಯಂತೆ ಹರಿದಿದೆ. ಊರಿನ ಹೆಸರೇ ಈ ಬಂಡೆಗಳಿಂದ ಬಂದಿರಬೇಕೆಂದು ನೋಡಿದವನಿಗೆ ಅನ್ನಿಸುತ್ತದೆ. ಈ ಕಲ್ಲಿನಿಂದಲೇ ಇಲ್ಲಿ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಒಂದು ಕಾರ್ಖಾನೆಯೆಂದರೂ ಸಲ್ಲುತ್ತದೆ. ಅದೇ ಬಂಡೆಗಳ ಮೇಲೆ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಹೆಚ್ಚಿನವು ಉದ್ದ ಕೊಂಬಿನ, ಎತ್ತರ ಹಿಣಿಲಿನ ಗೂಳಿಗಳು. ನಡುನಡುವೆ ಮನುಷ್ಯರೂ ಉಂಟು; ಅವುಗಳಲ್ಲಿ ಕೆಲವದರ ಮುಂದೆ ಅಜ್ಜನಾದವನು ವಿವರಣೆ ಕೊಡಲು ನಿಲ್ಲದೆ ಮುಂದೆ ಸಾಗುವುದೇ ಲೇಸು.

ಆದರೆ ನಾವು ಹೋದುದು ಚಿತ್ರಕ್ಕಿಂತ ಹೆಚ್ಚಾಗಿ ಶಬ್ದಕ್ಕೆ. ಗುಡ್ಡದ ಮೇಲೆ ಆಡು ಮೇಯಿಸುತ್ತಿದ್ದ ಹುಡುಗನೊಬ್ಬ, ಮೊಮ್ಮಗನ ವಯಸ್ಸಿನವನೇ, ನಮ್ಮನ್ನು ಕಂಡು ತಾನಾಗಿ ಹತ್ತಿರ ಬಂದ. "ಬಾರ್ಸೋ ಕಲ್ಲು ನೋಡ್ತೀರೇನ್ರಿ?" ಎಂದ. ಬಂಡೆಗಳ ಮೇಲೆ ಹಾರುತ್ತ ಹೋಗಿ, ಒಂದು ಕಪ್ಪು ಗುಂಡಿನ ಮೇಲಿದ್ದ ಬಟ್ಟಲಿನಂಥ ಗುಳಿಯನ್ನು ಕೈಯಲ್ಲಿದ್ದ ಚಿಕ್ಕ ಕಲ್ಲಿನಿಂದ ಮೆಲ್ಲಗೆ ಕುಟ್ಟಿದ. ಕಲ್ಲಿಗೆ ಕಲ್ಲು ಬಡಿದರೆ 'ಟಕ್' ಎನ್ನಬೇಕು. ಇದು ಕಂಚಿನ ಗಂಟೆಯಂತೆ ಮೊಳಗಿತು. ಮೊಳಗಿ, ಕಣಿವೆಯ ಕಡೆಗೆ ತೇಲಿ ಹೋಯಿತು. ಆಡುಗಳು ತಲೆಯೆತ್ತಲೂ ಇಲ್ಲ, ಅವಕ್ಕೆ ಅದು ಪರಿಚಿತ. ನನ್ನ ಮಗಳು ಮಾತ್ರ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವಳು ಹಾಗೆಯೇ ನಿಂತುಬಿಟ್ಟಳು.

ಈ ಕಲ್ಲುಗಳು ನುಡಿಯುತ್ತವೆಂದು 1892ರಲ್ಲಿಯೇ ಫಾಸೆಟ್ ಎಂಬ ಅಧಿಕಾರಿ ಬರೆದಿಟ್ಟಿದ್ದ. ಆಮೇಲೆ ಪಂಡಿತಲೋಕ ಅದನ್ನು ಬಹುಮಟ್ಟಿಗೆ ಮರೆಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ನಿಕೋಲ್ ಬಾಯ್ವಿನ್ ಎಂಬ ವಿದುಷಿ ಮತ್ತೆ ಇಲ್ಲಿ ಅಲೆದಾಗ, ಊರಿನವರೇ ಆಕೆಗೆ ಬಾರಿಸಿ ತೋರಿಸಿದರು. 2004ರಲ್ಲಿ ಆಕೆ ಬರೆದ ಲೇಖನದಿಂದ ಜಗತ್ತಿಗೆ ಕಪ್ಪಗಲ್ಲಿನ ಹೆಸರು ತಿಳಿಯಿತು. ಅದರಲ್ಲಿಯೇ, ಕಲ್ಲುಗಣಿಗಳು ಗುಡ್ಡವನ್ನು ತಿನ್ನುತ್ತಿವೆ, ಕೆಲವು ಚಿತ್ರಗಳು ಆಗಲೇ ಹೋಗಿವೆ ಎಂಬ ಎಚ್ಚರಿಕೆಯೂ ಇತ್ತು.

ನಾವು ನಿಂತಲ್ಲಿಂದಲೇ ಗುಡ್ಡದ ಮಗ್ಗುಲಿನ ಗಾಯ ಕಾಣುತ್ತಿತ್ತು. ಬೆಣ್ಣೆಯನ್ನು ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ಸೀಳಿದ ಬೂದುಬಣ್ಣದ ಕಲ್ಲು. "ಇಷ್ಟೆಲ್ಲ ಕಲ್ಲು ಎಲ್ಲಿಗೆ ಹೋಯಿತು ತಾತ?" ಎಂದು ಮೊಮ್ಮಗ ಕೇಳಿದ.

ಈ ಮಾತನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ. ಈಗ ಬಾನುಲಿಯಲ್ಲಿ ಹೇಳುತ್ತಿದ್ದೇನೆ. 1984ರಲ್ಲಿ ನಾನು ಬಳ್ಳಾರಿಯಲ್ಲಿ ಮನೆ ಕಟ್ಟಿಸಿದೆ. ಮೇಷ್ಟ್ರ ಸಂಬಳ, ಸಾಲದ ದುಡ್ಡು. ಎಲ್ಲಿ ಅಗ್ಗವೋ ಅಲ್ಲಿಂದ ಸಾಮಾನು. ಪಾಯಕ್ಕೆ ಬೇಕಾದ ಸೈಜುಗಲ್ಲು ಬಂದುದು ಈ ಗುಡ್ಡದ ಸಾಲಿನಿಂದಲೇ. ಎಂಟು ಲಾರಿ. ನಾನೇ ಬಂದು ಕಲ್ಲನ್ನು ಆರಿಸಿ, ಒಡೆಯುವವರೊಡನೆ ಚೌಕಾಸಿ ಮಾಡಿದ್ದೆ. ಸಂಗನಕಲ್ಲಿನ ಹೆಸರು ನನಗೆ ಆಗ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಪಾಠದಲ್ಲಿತ್ತು. ನವಶಿಲಾಯುಗದ ನೆಲೆಗಳು ಎಂಬ ಪ್ರಶ್ನೆಗೆ ಉತ್ತರವಾಗಿ ಬ್ರಹ್ಮಗಿರಿ, ಮಸ್ಕಿ, ಸಂಗನಕಲ್ಲು ಎಂದು ಕರಿಹಲಗೆಯ ಮೇಲೆ ಬರೆದು, ಕೈಯ ಸೀಮೆಸುಣ್ಣ ಕೊಡವಿ, ಸಂಜೆ ಇಲ್ಲಿಗೆ ಬಂದು ಕಲ್ಲಿನ ಲಾರಿ ತುಂಬಿಸಿದ್ದೇನೆ. ಪಾಠದ ಸಂಗನಕಲ್ಲು ಬೇರೆ, ಲಾರಿಯ ಸಂಗನಕಲ್ಲು ಬೇರೆ ಎಂಬಂತೆ ನಡೆದುಕೊಂಡೆ. ಕಲ್ಲು ಒಡೆಯುವವರನ್ನು ನಾನು ದೂರುವುದಿಲ್ಲ. ಅವರು ಹೊಟ್ಟೆಪಾಡಿಗೆ ಒಡೆದರು, ನಾನು ಓದಿದವನಾಗಿ ಕೊಂಡೆ.

ಮೊಮ್ಮಗನಿಗೆ ಇದನ್ನು ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು, "ಹಾಗಾದರೆ ನಮ್ಮ ಮನೆಯೂ ಈ ಗುಡ್ಡದ್ದೇ" ಎಂದನಷ್ಟೆ. ಆ ಮಾತಿನಲ್ಲಿ ಹೆಮ್ಮೆಯಿತ್ತೋ ಆಪಾದನೆಯಿತ್ತೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಆಡಿನ ಹುಡುಗ ಅವನನ್ನು ಕರೆದು ಇನ್ನೊಂದು ಕಲ್ಲು ತೋರಿಸಿದ. ಜೋರಾಗಿ ಕುಟ್ಟಬಾರದು, ಗುಳಿ ಸವೆಯುತ್ತದೆ ಎಂದು ಅವನೇ ಎಚ್ಚರಿಸುತ್ತಿದ್ದ. ಅದನ್ನು ಅವನಿಗೆ ಯಾರು ಕಲಿಸಿದರೆಂದು ಕೇಳಿದೆ. "ನಮ್ಮಪ್ಪ" ಎಂದ.

ಎರಡನೆಯ ದಿನ ಕುರುಗೋಡು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದ ಒಂದು ಶಾಖೆಯವರು ಇಲ್ಲಿಂದ ಆಳಿದರು. ಗುಡ್ಡದ ಬುಡದಲ್ಲಿ ಅವರ ಕಾಲದ ಗುಡಿಗಳು ಚದುರಿ ಬಿದ್ದಿವೆ. ಕೆಲವಕ್ಕೆ ಬಾಗಿಲಿದೆ, ದೇವರಿಲ್ಲ. ಕೆಲವಕ್ಕೆ ದೇವರಿದ್ದಾನೆ, ಮಾಳಿಗೆಯಿಲ್ಲ. ಒಂದರ ನವರಂಗದಲ್ಲಿ ಯಾರೋ ಒಣಮೆಣಸಿನಕಾಯಿ ಹರಡಿದ್ದರು. ಆ ಕಂಬಗಳ ನುಣುಪನ್ನು ಮುಟ್ಟಿ ನೋಡಬೇಕು; ಎಣ್ಣೆ ಸವರಿದಂತಿದೆ.

ಊರಿನ ಪ್ರಾಣವಿರುವುದು ದೊಡ್ಡಬಸವೇಶ್ವರನ ಗುಡಿಯಲ್ಲಿ. ಬೇರೆಡೆ ಬಸವ ಶಿವನ ಎದುರಿಗೆ ಕುಳಿತು ಕಾಯುವವನು. ಇಲ್ಲಿ ಗರ್ಭಗುಡಿಯೇ ಅವನದು. ಒಂದೇ ಕಲ್ಲಿನಲ್ಲಿ ಮಾಡಿದ, ಆಳಿಗಿಂತ ಎತ್ತರದ ಬಸವ. ಕತ್ತಲೆಯೊಳಗಿಂದ ಅವನ ಮುಖ ಮೊದಲು ಕಾಣುವುದಿಲ್ಲ, ಎದೆ ಕಾಣುತ್ತದೆ. ಫಾಲ್ಗುಣದಲ್ಲಿ ತೇರು ಎಳೆಯುವಾಗ ಸುತ್ತಣ ಸೀಮೆಯೆಲ್ಲ ಇಲ್ಲಿ ನೆರೆಯುತ್ತದೆ. ಹಿಂದಿನ ದಿನ ಗೂಳಿಗಳ ಚಿತ್ರ ನೋಡಿ ಬಂದಿದ್ದ ನನ್ನ ಅಳಿಯ, "ಮಾವ, ಇದು ಅದರ ಮುಂದುವರಿಕೆ ಅಲ್ಲವೇ?" ಎಂದರು. ಕಂಪ್ಯೂಟರಿನವರಿಗೆ ಎರಡು ಬಿಂದುಗಳನ್ನು ಕಂಡರೆ ಗೆರೆ ಎಳೆಯುವ ಆತುರ. ನಡುವೆ ಮೂರು ಸಾವಿರ ವರ್ಷಗಳ ಕಂದರವಿದೆ, ಅದನ್ನು ಹಾರಲು ಇತಿಹಾಸಕಾರನ ಹತ್ತಿರ ಸೇತುವೆಯಿಲ್ಲ ಎಂದು ಅವರಿಗೆ ಹೇಳಿದೆ. ಹೇಳಿದೆನಾದರೂ, ಮಂಗಳಾರತಿಯ ಬೆಳಕು ಆ ಹಿಣಿಲಿನ ಮೇಲೆ ಬಿದ್ದಾಗ ನನಗೂ ಹಿರೇಗುಡ್ಡವೇ ನೆನಪಾಯಿತು.

ಆ ರಾತ್ರಿ ಗಾಲಿಯ ಮನೆಯ ಗತಿ ತಿಳಿಯಿತು. ದಿನವೆಲ್ಲ ಕಾದ ತಗಡು ರಾತ್ರಿ ಹತ್ತಾದರೂ ಆರಲಿಲ್ಲ. ಹನ್ನೊಂದಕ್ಕೆ ಬ್ಯಾಟರಿಯ ಫ್ಯಾನು ಸುಮ್ಮನಾಯಿತು. ಕೊಲೊರಾಡೋದಲ್ಲಿ ಚಳಿಗೆ ಕಿಟಕಿ ಮುಚ್ಚಿ ಮಲಗುತ್ತಿದ್ದವರು ಇಲ್ಲಿ ಒಬ್ಬೊಬ್ಬರಾಗಿ ದಿಂಬು ಹಿಡಿದು ಹೊರಬಂದರು. ಎದುರು ಮನೆಯ ಅಜ್ಜಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದು, "ಯವ್ವಾ, ಆ ಡಬ್ಬಿಯೊಳಗ ಯಾಕ ಬೇಯ್ತೀರಿ? ಮಾಳಿಗಿ ಮ್ಯಾಲೆ ಬರ್ರಿ" ಎಂದು ತನ್ನ ಮಾಳಿಗೆಗೆ ಕರೆದಳು. ನೀರು ಚಿಮುಕಿಸಿದ ಮಣ್ಣಿನ ಮಾಳಿಗೆಯ ಮೇಲೆ ಆರು ಜನ ಸಾಲಾಗಿ ಮಲಗಿದೆವು. ನಾವು ಯಾರು, ಯಾವ ಜನ, ಏಕೆ ಬಂದಿರಿ ಎಂದು ಅವಳು ಕೇಳಿದ್ದು ಬೆಳಿಗ್ಗೆ ಚಹಾ ಕೊಟ್ಟ ಮೇಲೆ.

ಮೂರನೆಯ ದಿನ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ. ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಅಗೆತದಲ್ಲಿ ಶಿಲಾಯುಗದವರ ದುಂಡು ಗುಡಿಸಿಲುಗಳ ನೆಲಗಟ್ಟು ಸಿಕ್ಕಿತು. ಬಂಗಾರದ ಆಭರಣವೂ ಸಿಕ್ಕಿತು. ಬಿಸಿಲು ಏರಿದ್ದುದರಿಂದ ಗುಡ್ಡವನ್ನು ಕೆಳಗಿನಿಂದಲೇ ನೋಡಿ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು ಮುಂದೆ ಹೊರಟೆವು.

ಸಿರುಗುಪ್ಪದ ಕಡೆ ಬಂದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಇದು ಭತ್ತದ ಸೀಮೆ. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಲುವೆ ಬಂತೆಂದು ಎಲ್ಲರಿಗೂ ಗೊತ್ತು. ಆದರೆ ಸಿರುಗುಪ್ಪ, ದೇಶನೂರುಗಳ ಕಾಲುವೆಗಳು ವಿಜಯನಗರದ ಕಾಲದವು. ಹೊಳೆಗೆ ಅಡ್ಡಲಾಗಿ ಕಲ್ಲು ಪೇರಿಸಿ ನೀರನ್ನು ತಿರುಗಿಸಿದ ಆ ಏರ್ಪಾಡು ಶತಮಾನಗಳ ಕಾಲ ಗದ್ದೆಗೆ ನೀರುಣಿಸಿತು. ಹಂಪೆಯ ಅರಮನೆ ನೋಡಲು ಜನ ಟಿಕೀಟು ಕೊಳ್ಳುತ್ತಾರೆ. ಅರಮನೆಗೆ ಅನ್ನ ಹಾಕಿದ ಇಂಥ ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಾರೆ. ಒಗೆಯಲಿ. ಬಳಕೆಯಲ್ಲಿರುವುದು ಬದುಕಿರುತ್ತದೆ.

ನಿಟ್ಟೂರನ್ನು ಕೊನೆಗಿಟ್ಟುಕೊಂಡಿದ್ದೆ. ಸಿರುಗುಪ್ಪ ತಾಲ್ಲೂಕಿನ ಈ ಹೊಳೆದಂಡೆಯ ಹಳ್ಳಿಯಲ್ಲೂ, ಅದೇ ತಾಲ್ಲೂಕಿನ ಉಡೇಗೋಳದಲ್ಲೂ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದುದು 1970ರ ದಶಕದ ಕೊನೆಯಲ್ಲಿ, ನಾನು ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ. ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಸಿಕ್ಕ ಹೆಸರು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬುದು ಮಾತ್ರ. ಅವನೇ ಅಶೋಕನೆಂದು ಶಾಸನವೊಂದು ಬಾಯಿಬಿಟ್ಟು ಹೇಳಿದುದು 1915ರಲ್ಲಿ ಸಿಕ್ಕ ನಮ್ಮ ಮಸ್ಕಿಯಲ್ಲಿ. ಆ ಹೆಸರು ಬರುವ ಶಾಸನಗಳು ಬೆರಳೆಣಿಕೆಯವು. ಮಸ್ಕಿ ಒಂದು, ಮಧ್ಯಪ್ರದೇಶದ ಗುಜರ್ರಾ ಒಂದು. ಉಳಿದೆರಡು ನಿಟ್ಟೂರು, ಉಡೇಗೋಳ. ಇಷ್ಟು ದೊಡ್ಡ ದೇಶದಲ್ಲಿ ಆ ದೊರೆ ತನ್ನ ಹೆಸರು ಕೊರೆಯಿಸಿದ ಕಲ್ಲುಗಳಲ್ಲಿ ಎರಡು ಒಂದೇ ತಾಲ್ಲೂಕಿನಲ್ಲಿವೆ. ಅದು ನನ್ನ ಮನೆಯಿಂದ ಒಂದೂವರೆ ಗಂಟೆಯ ದಾರಿ. ಮೂವತ್ತೈದು ವರ್ಷ ಅಶೋಕನ ಪಾಠ ಮಾಡಿದ ನಾನು ಅಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ.

ಬಂಡೆಯ ಎದುರು ನಿಂತಾಗ ಅಕ್ಷರಗಳು ಮೊದಲು ಕಾಣಲಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಬಿದ್ದ ಮೇಲೆ ಒಂದೊಂದಾಗಿ ಮೇಲೆದ್ದವು. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಈ ಕಡೆಯ ಕಿರು ಶಾಸನಗಳ ಸಾರ. ನಾನು ಅದನ್ನು ವಿವರಿಸುತ್ತಿದ್ದಂತೆ ನಮ್ಮ ಸಾರಥಿ, ನನ್ನ ಹಳೆಯ ಶಿಷ್ಯ, ಕೈಕಟ್ಟಿ ನಿಂತು ಕೇಳಿದ. ಆಮೇಲೆ, "ಸಾರ್, ಇದನ್ನ ನಮಗೆ ಎಂಟನೇ ಕ್ಲಾಸಿನಾಗ ಹೇಳಿದ್ರಿ. ಇಲ್ಲೇ ಐತಿ ಅಂತ ಹೇಳಿರಲಿಲ್ಲ" ಎಂದ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅವನ ಹೆಂಡತಿಯ ತವರು ಅಲ್ಲಿಂದ ಎರಡು ಹರದಾರಿಯಂತೆ; ಈ ಬಂಡೆಯ ಪಕ್ಕದ ದಾರಿಯಲ್ಲಿ ಎಷ್ಟೋ ಸಲ ಗಾಡಿ ಓಡಿಸಿದ್ದಾನಂತೆ. ಹಿಂದಿರುಗುವಾಗ ಬಾಡಿಗೆ ಕೊಡಹೋದರೆ ಡೀಸೆಲಿನ ದುಡ್ಡಷ್ಟೇ ತೆಗೆದುಕೊಂಡ.

ಮಗಳು, ಅಳಿಯ, ಮೊಮ್ಮಗ ಜೂನ್ ಕೊನೆಯಲ್ಲಿ ಹೊರಟುಹೋದರು. ಹೋಗುವ ಹಿಂದಿನ ದಿನ ಹುಡುಗ ಮನೆಯ ಹಿಂಬದಿಗೆ ಹೋಗಿ, ಗಾರೆ ಬಿಟ್ಟು ಪಾಯದ ಕಲ್ಲು ಕಾಣುವ ಕಡೆ ಕುಳಿತು, ಬೀಗದ ಕೈಯಿಂದ ಒಂದೊಂದನ್ನೇ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಅದು ಬೇರೆ ಜಾತಿಯ ಕಲ್ಲು, ನುಡಿಯುವುದಿಲ್ಲ ಎಂದು ನಾನು ಹೇಳಲಿಲ್ಲ.

ಮೊನ್ನೆ ಅವನ ಪತ್ರ ಬಂತು. ವಕ್ರವಕ್ರವಾದ ಕನ್ನಡ ಅಕ್ಷರದಲ್ಲಿ ತಾನೇ ಬರೆದದ್ದು. ಶಾಲೆಯಲ್ಲಿ ರಜೆಯ ವಿಷಯ ಹೇಳಬೇಕಾಗಿ ಬಂದಾಗ ನುಡಿಯುವ ಕಲ್ಲಿನ ಬಗೆಗೆ ಹೇಳಿದನಂತೆ. ಅದನ್ನು ನೋಡಿಕೊಳ್ಳುವ ರೇಂಜರ್ ಯಾರೆಂದು ಅವನ ಟೀಚರು ಕೇಳಿದರಂತೆ. "ನನಗೆ ಗೊತ್ತಾಗಲಿಲ್ಲ. ಯಾರೆಂದು ಬರೆಯಲಿ ತಾತ?" ಎಂದು ಕೇಳಿದ್ದಾನೆ.

ಕಳೆದ ಭಾನುವಾರ ಒಬ್ಬನೇ ಕಪ್ಪಗಲ್ಲಿಗೆ ಹೋಗಿದ್ದೆ. ಮಳೆ ಬಿದ್ದು ಗುಡ್ಡದ ಮೇಲೆ ಹುಲ್ಲು ಚಿಗುರಿದೆ. ಆಡಿನ ಹುಡುಗ ಸಿಗಲಿಲ್ಲ. ಶಾಲೆ ಪ್ರಾರಂಭವಾದ ಮೇಲೆ ಅವನ ಅಪ್ಪನೇ ಆಡು ಹೊಡೆದುಕೊಂಡು ಬರುತ್ತಾನಂತೆ, ಆದರೆ ಆ ದಿನ ಸಂತೆಗೆ ಹೋಗಿದ್ದಾನೆಂದು ಕೆಳಗಿನ ಮನೆಯವರು ಹೇಳಿದರು. ಬರುವ ಭಾನುವಾರ ಮತ್ತೆ ಹೋಗಬೇಕೆಂದಿದ್ದೇನೆ. ಪತ್ರಕ್ಕೆ ಇನ್ನೂ ಉತ್ತರ ಬರೆದಿಲ್ಲ.